‘ಉಳಿದಿದ್ದೇ ಹೆಚ್ಚು’ ಎಂದು ಬಾಯಿ ಮುಚ್ಚಿಕೊಳ್ಳಬೇಡಿ

ಪ್ರಿಯ ಹಿರಿಯರೇ,

ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುತ್ತಿಲ್ಲ. ಆದರೆ ಉತ್ತರವನ್ನು ಲಕೋಟೆಯಲ್ಲಿ ಹಾಕಿ ನಿಮ್ಮೊಬ್ಬರಿಗೇ ಕಳಿಸಲು ಮನಸ್ಸು ಬರಲಿಲ್ಲ. ಇಂಥದೇ ಪತ್ರ ಬರೆಯಲು ಕೂತು ಅರ್ಧಕ್ಕೆ ಹರಿದು ಹಾಕಿದವರು ಇನ್ನೆಷ್ಟು ಮಂದಿ ಇದ್ದಾರೋ. ಅವರೂ ಓದಲಿ ಎಂದು ನಿಮ್ಮ ಒಪ್ಪಿಗೆ ಪಡೆದು ಇಲ್ಲಿ ಅಚ್ಚು ಮಾಡುತ್ತಿದ್ದೇನೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಬರೆದವರು ಹಾಸನ ಜಿಲ್ಲೆಯವರು, 67 ವರ್ಷ. 31 ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಆರು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ಗ್ರಂಥಿಯನ್ನೇ ತೆಗೆದರು. ಮೂರು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆಯ ಅಂಕಿ) ಏರತೊಡಗಿ 0.3 ಮುಟ್ಟಿತು. 33 ಸಿಟ್ಟಿಂಗ್ ರೇಡಿಯೇಷನ್, ಜೊತೆಗೆ ಆರು ತಿಂಗಳು ಹಾರ್ಮೋನ್ ಇಂಜೆಕ್ಷನ್ ಆಯಿತು. ಈಗ ಪಿಎಸ್‌ಎ 0.02ಕ್ಕೆ ಇಳಿದಿದೆ. ಆದರೆ ಒಂದು ವರ್ಷದಿಂದ ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿದೆ. ಮೂತ್ರ ಬಂತೆಂದರೆ ತಡೆಯಲಾಗುವುದಿಲ್ಲ, ರಾತ್ರಿ ಐದು ಸಲ ಏಳಬೇಕು. ಅವರ ಮಾತಿನಲ್ಲೇ ಕೇಳಿ: “‘ಸ್ವಲ್ಪ ನಿಲ್ಸಿ ಡ್ರೈವರೇ’ ಅಂತ ವಯಸ್ಸಾದವರು ಎದ್ದು ಬಂದು ಕೇಳಿದಾಗ ‘ಮುಂದಿನ ಸ್ಟಾಪಲ್ಲಿ’ ಅಂತಿದ್ದೆ. ಈಗ ನಾನು ಬಸ್ಸೇ ಹತ್ತುವುದಿಲ್ಲ. ಡಾಕ್ಟರಿಗೆ ಹೇಳಿದರೆ ‘ಕ್ಯಾನ್ಸರ್ ಹೋಗಿದೆಯಲ್ಲ ಯಜಮಾನ್ರೇ, ಖುಷಿಪಡಿ’ ಅಂದರು. ಮನೆಯಲ್ಲಿ ಹೇಳಿದರೆ ಉಳಿದಿದ್ದೇ ಹೆಚ್ಚು ಅಂತಾರೆ. ನನಗೂ ಹಾಗೇ ಅನಿಸುತ್ತದೆ. ಇಷ್ಟೆಲ್ಲ ಮಾಡಿ ಉಳಿಸಿದ ಮೇಲೂ ಗೋಳು ಹೇಳಿಕೊಂಡರೆ ಕೃತಘ್ನನಾದ ಹಾಗಲ್ಲವೇ?”

ಹಿರಿಯರೇ, ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿದ್ದು ಒಂದೇ ಒಂದು ಸಾಲಿಗಾಗಿ. ರಕ್ತ ಬೀಳುವುದು ಮೂಲವ್ಯಾಧಿ ಇರಬೇಕೆಂದು ಪೇಟೆಯ ಒಂದು ಕ್ಲಿನಿಕ್ಕಿಗೆ ತೋರಿಸಿದ್ದೀರಿ, ಅವರು ಮುಂದಿನ ಸೋಮವಾರ ಇಂಜೆಕ್ಷನ್ ಹಾಕಿ ಗಂಟು ಕರಗಿಸುತ್ತೇವೆ ಎಂದಿದ್ದಾರೆ ಎಂದು ಬರೆದಿದ್ದಿರಿ. ನಿಮಗೆ ರೇಡಿಯೇಷನ್ ಆಗಿರುವ ವಿಷಯ ಅವರಿಗೆ ಹೇಳಿದ್ದೀರಾ ಎಂದು ಕೇಳಿದೆ. “ಅವರು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದಿರಿ. ಆ ಇಂಜೆಕ್ಷನ್ ಬೇಡ ಎಂದು ಬೇಡಿಕೊಂಡೆ. ನೀವು ನಿಲ್ಲಿಸಿದ್ದೀರಿ, ನೆಮ್ಮದಿಯಾಯಿತು. ಯಾಕೆ ಬೇಡ ಎಂಬುದನ್ನು ಇಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ನಾನು ಡಾಕ್ಟರಲ್ಲ. ಈ ವಾರ ಇಬ್ಬರು ತಜ್ಞರ ಜೊತೆ ಕೂತು ನಿಮ್ಮ ಪತ್ರದ ಒಂದೊಂದು ಸಾಲನ್ನೂ ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಪ್ರಾಸ್ಟೇಟ್ ಎಂದರೆ ಸಿಪ್ಪೆ ಸಮೇತದ ಅಡಿಕೆಯಷ್ಟು ಗಾತ್ರದ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳಕ್ಕೆ ಒತ್ತಿಕೊಂಡಂತೆ ಇರುತ್ತದೆ. ನಿಮ್ಮ ಗ್ರಂಥಿ ಹೋಗಿದೆ, ಅದಿದ್ದ ಜಾಗಕ್ಕೆ ಕಿರಣ ಕೊಟ್ಟಿದ್ದಾರೆ. ನಮ್ಮ ಕಡೆ ಎಲ್ಲರೂ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರಲ್ಲ, ಅದೇ. ಕಿರಣದ ಪ್ರಮಾಣವನ್ನು ‘ಗ್ರೇ’ ಎಂದು ಅಳೆಯುತ್ತಾರೆ, ಸಾಮಾನ್ಯವಾಗಿ ಒಂದು ಸಿಟ್ಟಿಂಗಿಗೆ 2 ಗ್ರೇ, 33 ಸಿಟ್ಟಿಂಗಿಗೆ 66 ಗ್ರೇ. ದಿನಾ ಅರ್ಧ ಲೀಟರ್ ನೀರು ಕುಡಿಸಿ, ಮೂತ್ರ ಕಟ್ಟಿಸಿ, ಹೊಟ್ಟೆ ಖಾಲಿ ಮಾಡಿಸಿ ಮಲಗಿಸುತ್ತಿದ್ದರು ಎಂದು ಬರೆದಿದ್ದೀರಿ. ಅದು ಈ ಅಕ್ಕಪಕ್ಕದ ಅಂಗಗಳನ್ನು ಕಿರಣದ ದಾರಿಯಿಂದ ಆದಷ್ಟು ಸರಿಸಲಿಕ್ಕೆ. ಎಷ್ಟು ಸರಿಸಿದರೂ ಗುದನಾಳದ ಮುಂದಿನ ಗೋಡೆಗೂ ಮೂತ್ರಕೋಶದ ತಳಕ್ಕೂ ಸ್ವಲ್ಪ ತಾಗಿಯೇ ತಾಗುತ್ತದೆ.

ತಾಗಿದ್ದರ ಫಲ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಸಿಟ್ಟಿಂಗ್ ನಡೆಯುವಾಗಲೇ ಬರುವ ಉರಿಮೂತ್ರ, ಭೇದಿ, ಸುಸ್ತು. ಅದು ಸಾಮಾನ್ಯವಾಗಿ ಕೆಲವು ವಾರದಲ್ಲಿ ಇಳಿಯುತ್ತದೆ. ಎರಡನೆಯದು ಎಲ್ಲ ಮುಗಿಯಿತು ಎಂದು ಉಸಿರು ಬಿಟ್ಟ ಮೇಲೆ, ಆರು ತಿಂಗಳಿಗೋ ಎರಡು ವರ್ಷಕ್ಕೋ ಶುರುವಾಗುತ್ತದೆ. ಮೂತ್ರಕೋಶದ ತೊಂದರೆಯಂತೂ ಕೆಲವರಿಗೆ ಹತ್ತು ವರ್ಷದ ಮೇಲೂ ತಲೆ ಎತ್ತಬಹುದು. ಕಿರಣ ತಾಗಿದ ಕಡೆ ಸಣ್ಣ ರಕ್ತನಾಳಗಳು ನಿಧಾನಕ್ಕೆ ಮುಚ್ಚಿಕೊಳ್ಳುತ್ತವೆ. ಹೂಳು ತುಂಬಿದ ಕಾಲುವೆಯ ನೀರು ಏರಿಯನ್ನು ಅಲ್ಲಲ್ಲಿ ಒಡೆದು ಸಣ್ಣ ಸಣ್ಣ ತೊರೆಯಾಗಿ ಹರಿಯುವಂತೆ, ಗೋಡೆಯ ಮೇಲ್ಪದರದಲ್ಲಿ ಕೂದಲೆಳೆಯಂಥ ಹೊಸ ನಾಳಗಳು ಹುಟ್ಟುತ್ತವೆ. ಅವಕ್ಕೆ ಗಟ್ಟಿತನವಿಲ್ಲ, ಮಲ ಸ್ವಲ್ಪ ಗಟ್ಟಿಯಾಗಿ ಉಜ್ಜಿದರೂ ಸಾಕು, ರಕ್ತ. ನಿಮ್ಮದು ಇದೇ ಇರಬೇಕೆಂಬ ಅನುಮಾನ ತಜ್ಞರಿಗೂ ಇದೆ.

ಅಂಥ ಗೋಡೆಗೆ ರಕ್ತಸಂಚಾರ ಕಡಿಮೆ. ಗಾಯವಾದರೆ ಬೇಗ ಮಾಯುವುದಿಲ್ಲ. ಸೂಜಿ ಚುಚ್ಚಿದರೆ, ರಬ್ಬರ್ ಬ್ಯಾಂಡ್ ಹಾಕಿದರೆ, ಕತ್ತರಿಸಿದರೆ ಅಲ್ಲೇ ಹುಣ್ಣಾಗಿ ನಿಲ್ಲಬಹುದು. ತೂತು ಬಿದ್ದು ಮಲದ ದಾರಿಗೂ ಮೂತ್ರದ ದಾರಿಗೂ ಸಂಪರ್ಕವೇ ಆಗಿಬಿಡುವುದೂ ಉಂಟು. ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಸ್ಕೋಪಿ ಮಾಡುವಾಗ ಮುಂದಿನ ಗೋಡೆಯಿಂದ ಸುಮ್ಮನೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುವುದಕ್ಕೂ ತಜ್ಞರು ಹಿಂದೆ ಮುಂದೆ ನೋಡುವುದು ಇದಕ್ಕೇ. ಆದ್ದರಿಂದ ಹಲ್ಲಿನ ಡಾಕ್ಟರಿಂದ ಹಿಡಿದು ಯಾರ ಮುಂದೆ ಕೂತರೂ ನಿಮ್ಮ ಮೊದಲ ಮಾತು “ನನಗೆ ಇಂಥ ಕಡೆ, ಇಷ್ಟು ರೇಡಿಯೇಷನ್ ಆಗಿದೆ” ಎಂಬುದಾಗಿರಲಿ. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಸದಾ ಚೀಲದಲ್ಲಿರಲಿ.

ಹಾಗಂತ ರಕ್ತವನ್ನು ‘ಕರೆಂಟಿನದು’ ಎಂದು ನೀವೇ ತೀರ್ಮಾನಿಸಿ ಸುಮ್ಮನಿರಬಾರದು. 67ರ ವಯಸ್ಸಿನಲ್ಲಿ ರಕ್ತ ಬೀಳಲು ಬೇರೆ ಕಾರಣಗಳೂ ಇರಬಹುದು, ಕರುಳಿನದೇ ಬೇರೆ ಗಡ್ಡೆಯೂ ಇರಬಹುದು. ಒಮ್ಮೆ ಹೊಟ್ಟೆ-ಕರುಳಿನ ತಜ್ಞರಾದ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಸ್ಕೋಪಿ ಮಾಡಿಸಲೇಬೇಕು. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ. ಹೃದಯಕ್ಕೆಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಕೋಸ್ಪ್ರಿನ್ ತೆಗೆದುಕೊಳ್ಳುತ್ತಿದ್ದೀರಿ, ಅದೂ ರಕ್ತಸ್ರಾವ ಹೆಚ್ಚಿಸಬಹುದು. ಆದರೆ ಕೊಟ್ಟವರನ್ನು ಕೇಳದೆ ನಿಲ್ಲಿಸಬೇಡಿ. ಕ್ಯಾನ್ಸರ್ ಮತ್ತೆ ಬಂತೇ ಎಂಬ ನಿಮ್ಮ ಭಯಕ್ಕೆ ಈ ರಕ್ತ ಉತ್ತರ ಹೇಳುವುದಿಲ್ಲ. ಅದನ್ನು ಹೇಳುವುದು ಪಿಎಸ್‌ಎ. ಅದು 0.02ರಲ್ಲಿ ಕೂತಿದೆ.

ಈಗ ನನ್ನ ಮನೆಯ ವಿಷಯ ಹೇಳಬೇಕು. ಅಪ್ಪನಿಗೂ ಇದೇ ಕಾಯಿಲೆ, ಇದೇ ದಾರಿ. ಆಪರೇಷನ್, ಮರುಕಳಿಕೆ, ಕರೆಂಟ್. ಎಲ್ಲ ಮುಗಿದು ಒಂದೂವರೆ ವರ್ಷವಾದ ಮೇಲೆ, ಜೀವಮಾನವಿಡೀ ಬಿಳಿ ಪಂಚೆ ಉಟ್ಟ ಮನುಷ್ಯ ಕಡುಹಸಿರು ಲುಂಗಿ ಉಡತೊಡಗಿದರು. ತೋಟಕ್ಕೆ ಹೋಗಲು ಅನುಕೂಲ ಎಂದರು. ನಾವು ನಂಬಿದೆವು. ಬೆಳಗಿನ ಜಾವ ಯಾರೂ ಏಳುವ ಮೊದಲೇ ಹಿತ್ತಲ ಕಲ್ಲಿನ ಮೇಲೆ ತಮ್ಮ ಬಟ್ಟೆ ತಾವೇ ಒಗೆದು ಹರವುತ್ತಿದ್ದರು. ಅಮ್ಮ ಅದನ್ನು ನೋಡಿ, “ನಿಮ್ಮಪ್ಪಂಗೆ ಈಗ ನನ್ನ ಕಷ್ಟ ಗೊತ್ತಾಗಿದೆ ಕಣೋ” ಎಂದು ಸಂತೋಷಪಟ್ಟಿದ್ದಳು. ಒಂದು ಸಲ ಅಪ್ಪ ನನ್ನ ಹತ್ತಿರ “ಯಾಕೋ ಕೆಳಗಡೆ ಸರಿಯಿಲ್ಲ ಮಗಾ” ಎಂದು ಮಾತು ತೆಗೆದರು. ನಾನು ಪತ್ರಿಕೆಯ ಕೆಲಸದ ಗಡಿಬಿಡಿಯಲ್ಲಿ “ದೊಡ್ಡ ಗಂಡಾಂತರದಿಂದ ಉಳಿದ್ಯಲ್ಲಪ್ಪ, ಇನ್ನೆಲ್ಲ ಸಣ್ಣಪುಟ್ಟದ್ದು” ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಎರಡು ತಿಂಗಳಿಗೆ ಅಂಗಳದಲ್ಲಿ ತಲೆ ಸುತ್ತಿ ಬಿದ್ದರು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಡಿಸಿದೆವು. ಸ್ಕೋಪಿಯ ಜೊತೆಗೇ ಆರ್ಗಾನ್ ಅನಿಲದ ಸಹಾಯದಿಂದ ಆ ನಾಳಗಳನ್ನು ಸುಟ್ಟು ಮುಚ್ಚಿದರು. ಎರಡು ಸಲ ಮಾಡಿದ ಮೇಲೆ ರಕ್ತ ನಿಂತಿತು. ಅಷ್ಟೇ ಆಗಿತ್ತು ಬೇಕಾಗಿದ್ದದ್ದು. ಅಪ್ಪ ಆಮೇಲೆ ಆರು ವರ್ಷ ಬದುಕಿದರು, ಬಿಳಿ ಪಂಚೆಯಲ್ಲೇ.

‘ಉಳಿದಿದ್ದೇ ಹೆಚ್ಚು’ ಎಂಬ ಮಾತು ಕೇಳಿದರೆ ನನಗೆ ಈಗಲೂ ಹಿತ್ತಲ ಕಲ್ಲು ಕಣ್ಣಿಗೆ ಬರುತ್ತದೆ. ನಿಮ್ಮ ಮನೆಯವರಾಗಲಿ ಆ ಡಾಕ್ಟರಾಗಲಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ರೋಗಿಯ ಬಾಯಿಗೆ ಬೀಗ ಹಾಕುತ್ತದೆ. ಕೃತಘ್ನತೆಯ ಮಾತು ಬಿಡಿ, ಹಿರಿಯರೇ. ಬ್ರಿಟನ್ನಿನಲ್ಲಿ ‘ಪ್ರೊಟೆಕ್ಟ್’ ಎಂಬ ದೊಡ್ಡ ಅಧ್ಯಯನ ನಡೆದಿದೆ. ಪ್ರಾಸ್ಟೇಟ್ ಕ್ಯಾನ್ಸರಿನ 1643 ಗಂಡಸರು ಅದರಲ್ಲಿದ್ದರು. ಮೂತ್ರ ಸೋರುತ್ತದೆಯೇ, ಮಲ ತಡೆಯಲಾಗುತ್ತದೆಯೇ, ಹೆಂಡತಿಯೊಡನೆ ಸೇರುವುದಾಗುತ್ತದೆಯೇ ಎಂದು ವರ್ಷಗಟ್ಟಲೆ ಅವರಿಂದ ಬರೆಸಿಕೊಂಡರು. ಈ ಕಾಯಿಲೆಯವರಿಗೆಂದೇ ಬಳಸುವ ಪ್ರಶ್ನಾವಳಿಗಳಲ್ಲಿ ‘ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ’ ಎಂಬುದೂ ಒಂದು ಪ್ರಶ್ನೆ. ಅಡ್ಡಪರಿಣಾಮಗಳ ಬಗ್ಗೆ ವೈದ್ಯರಿಗೆ ಇವತ್ತು ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ನಾಚಿಕೆ ಬದಿಗಿಟ್ಟು ಹೇಳಿಕೊಂಡ ಗಂಡಸರಿಂದಲೇ ಗೊತ್ತಾದದ್ದು.

ಹೇಳುವ ರೀತಿ ಮುಖ್ಯ. “ತುಂಬಾ ತೊಂದರೆ ಸಾರ್” ಎಂದರೆ ಹೊರಗೆ ನಲವತ್ತು ಮಂದಿ ಕಾಯುತ್ತಿರುವ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ನೀವು ಡ್ಯೂಟಿಯಲ್ಲಿದ್ದಾಗ ಲಾಗ್‌ಶೀಟ್ ತುಂಬುತ್ತಿದ್ದಿರಲ್ಲ, ಹಾಗೆ ಒಂದು ವಾರ ಬರೆಯಿರಿ. ಎಷ್ಟು ಗಂಟೆಗೆ ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಎಷ್ಟು ಸಲ ತಡೆಯಲಾಗದೆ ಒದ್ದೆಯಾಯಿತು, ರಕ್ತ ಹನಿಯೋ ಧಾರೆಯೋ, ಮಲದ ಜೊತೆಗೋ ಬರಿದೇ ಬಂತೋ. ಆ ಹಾಳೆಯನ್ನು ಮೇಜಿನ ಮೇಲಿಡಿ. ಆಗಲೂ ‘ಖುಷಿಪಡಿ’ ಎಂದರೆ ಇನ್ನೊಬ್ಬ ವೈದ್ಯರ ಹತ್ತಿರ ಹೋಗಿ. ನಿಮಗೆ ಆ ಹಕ್ಕಿದೆ.

ಗುದನಾಳದ ರಕ್ತ ಕಡಿಮೆ ಪ್ರಮಾಣದ್ದಾಗಿದ್ದರೆ ಎಷ್ಟೋ ಸಲ ಮಲ ಮೆತ್ತಗಿಟ್ಟುಕೊಂಡು ಕಾದರೆ ತಾನೇ ಇಳಿಯುತ್ತದೆ. ಇಸಬ್‌ಗೋಲ್ ಇದಕ್ಕೆ ಒಳ್ಳೆಯದು, ಆದರೆ ನೀರು ಸಾಕಷ್ಟು ಕುಡಿಯಬೇಕು. ಸಂಡಾಸಿನಲ್ಲಿ ತಿಣುಕಬೇಡಿ, ಮೊಬೈಲ್ ಹಿಡಿದು ಕೂರಬೇಡಿ. ಇಳಿಯದಿದ್ದರೆ ಗುದದ್ವಾರದಿಂದ ಒಳಗೆ ಬಿಡುವ ಔಷಧಿ ಸುಕ್ರಾಲ್ಫೇಟ್ ಎನಿಮಾ ಇದೆ, ಅಪ್ಪನಿಗೆ ಮಾಡಿದ ಆರ್ಗಾನ್ ಇದೆ. ಹಠ ಹಿಡಿದ ರಕ್ತಸ್ರಾವಕ್ಕೆ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ ಕೆಲವು ದೊಡ್ಡ ಊರುಗಳಲ್ಲಿ ಸಿಗುತ್ತದೆ.

ಮೂತ್ರದ ವಿಷಯದಲ್ಲಿ ನೀವು ಮಾಡುತ್ತಿರುವ ಒಂದು ತಪ್ಪನ್ನು ಹೇಳಲೇಬೇಕು. ಹೊರಗೆ ಹೋಗುವ ದಿನ ನೀರೇ ಮುಟ್ಟುವುದಿಲ್ಲ ಎಂದಿದ್ದೀರಿ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ, ಮೊದಲೇ ಕೆರಳಿರುವ ಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಮಲವೂ ಗಟ್ಟಿಯಾಗುತ್ತದೆ, ಅಲ್ಲಿಗೆ ರಕ್ತ. ಹಗಲಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಸಂಜೆ ಏಳರ ಮೇಲೆ ಕಡಿಮೆ ಮಾಡಿ. ಬಿಡಬೇಕಾದ್ದು ನೀರಲ್ಲ, ದಿನಕ್ಕೆ ಆರು ಲೋಟ ಕಾಫಿ. ಅದನ್ನು ಎರಡಕ್ಕೆ ಇಳಿಸಿ ನೋಡಿ. ಸೋಂಕಿದೆಯೇ ಎಂದು ಮೂತ್ರ ಪರೀಕ್ಷೆ ಆಗಬೇಕು. ಧಾರೆ ಸಣ್ಣದಾಗಿದ್ದರೆ ನಾಳ ಕಿರಿದಾಗಿರಬಹುದು, ಅದನ್ನೂ ನೋಡಿಸಬೇಕು. ಅವಸರ ತಗ್ಗಿಸಲು ಸೋಲಿಫೆನಾಸಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳಿವೆ. ಯಾವುದು ಹೊಂದುತ್ತದೆ ಎಂಬುದನ್ನು ಮೂತ್ರರೋಗ ತಜ್ಞರು, ಅಂದರೆ ಯೂರಾಲಜಿಸ್ಟ್ ಹೇಳಬೇಕು.

ತಳದ ಸ್ನಾಯುಗಳ ವ್ಯಾಯಾಮವನ್ನು ಆಸ್ಪತ್ರೆಯವರು ಒಂದು ಹಾಳೆಯಲ್ಲಿ ಕೊಟ್ಟಿದ್ದರು, ಅದೆಲ್ಲೋ ಹೋಯಿತು ಎಂದಿದ್ದೀರಿ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗಲ್ ಎಂಬ ಸ್ತ್ರೀರೋಗ ತಜ್ಞರು ಹೆಂಗಸರಿಗಾಗಿ ರೂಢಿಗೆ ತಂದ ವ್ಯಾಯಾಮ ಅದು, ಗಂಡಸರಿಗೂ ಉಪಯೋಗ. ಯೋಗ ಕಲಿತವರಿಗೆ ಮೂಲಬಂಧ ಎಂದರೆ ಸುಮಾರಾಗಿ ಅರ್ಥವಾದೀತು. ವಾಯು ತಡೆದುಕೊಳ್ಳುವಾಗ ಬಿಗಿಯುತ್ತೇವಲ್ಲ, ಆ ಸ್ನಾಯುವನ್ನು ಬಿಗಿದು ಐದು ಎಣಿಸಿ ಬಿಡುವುದು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಹಳ ಮಂದಿ ಇದನ್ನು ತಪ್ಪಾಗಿ ಮಾಡಿ, ಉಪಯೋಗವಿಲ್ಲ ಎಂದು ಕೈಬಿಡುತ್ತಾರೆ. ಒಂದು ಸಲ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿ. ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು. ಸುಸ್ತಿಗೆ ಮಲಗಿಯೇ ಇರುವುದು ಮದ್ದಲ್ಲ, ದಿನಾ ನಡೆಯುವುದೇ ಮದ್ದು. ಹಾರ್ಮೋನ್ ಇಂಜೆಕ್ಷನ್ನಿನಿಂದ ಕರಗಿದ ಮಾಂಸಖಂಡಕ್ಕೂ ಅದು ಬೇಕು.

ಪ್ಯಾಡ್ ವಿಷಯ. ನೀವು ಹಳೇ ಪಂಚೆ ಮಡಿಸಿ ಇಟ್ಟುಕೊಳ್ಳುತ್ತಿದ್ದೀರಿ. ಅದು ಒದ್ದೆಯಾಗಿ ಚರ್ಮ ಕಿತ್ತುಬರುತ್ತದೆ. ಮೆಡಿಕಲ್ ಶಾಪಿನಲ್ಲಿ ದೊಡ್ಡವರ ಡೈಪರ್, ಪ್ಯಾಡ್ ಸಿಗುತ್ತವೆ. ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ. ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮ ಬಸ್ ನಿಲ್ದಾಣ, ಕಲ್ಯಾಣ ಮಂಟಪ, ಆಸ್ಪತ್ರೆಗಳ ಗಂಡಸರ ಶೌಚಾಲಯದಲ್ಲಿ ಬಳಸಿದ ಪ್ಯಾಡ್ ಹಾಕಲು ಒಂದು ಮುಚ್ಚಳದ ಡಬ್ಬಿ ಕಂಡಿದ್ದೀರಾ? ಅದನ್ನು ಕಾಗದದಲ್ಲಿ ಸುತ್ತಿ ಮನೆಯವರೆಗೆ ಚೀಲದಲ್ಲಿ ಹೊತ್ತು ತರಬೇಕು. ಗಂಡಸರಿಗೂ ಮೂತ್ರ ಸೋರುತ್ತದೆ ಎಂಬುದು ಕಟ್ಟಡ ಕಟ್ಟುವವರ ಲೆಕ್ಕದಲ್ಲೇ ಇಲ್ಲ. ಡಬ್ಬಿಗೆ ಎಷ್ಟು ಖರ್ಚಾಗುತ್ತದೆ? ಈ ಪುಟ ಓದುವವರಲ್ಲಿ ಇಂಥ ಕಟ್ಟಡಗಳ ಉಸ್ತುವಾರಿ ಇರುವವರು ಖಂಡಿತ ಇದ್ದೀರಿ. ಈ ತಿಂಗಳೇ ಇಡಿಸಿ.

ರೇಡಿಯೇಷನ್ನಿಗೆ ಒಪ್ಪಿದ್ದೇ ತಪ್ಪಾಯಿತೇ ಎಂದೂ ಕೇಳಿದ್ದೀರಿ. ಇಲ್ಲ. ಗ್ರಂಥಿ ತೆಗೆದ ಮೇಲೆ ಪಿಎಸ್‌ಎ ಇಲ್ಲವೆನ್ನುವಷ್ಟು ಕೆಳಗಿರಬೇಕು. 0.2 ದಾಟಿ ಏರುತ್ತಿದ್ದರೆ ಕಾಯಿಲೆ ಮರಳಿದೆ ಎಂದೇ ಲೆಕ್ಕ. ಅದು 0.5 ಮುಟ್ಟುವ ಮೊದಲು ಕಿರಣ ಕೊಟ್ಟರೆ ಗುಣವಾಗುವ ಅವಕಾಶ ಹೆಚ್ಚು. ನಿಮಗೆ 0.3ರಲ್ಲಿ ಕೊಟ್ಟಿದ್ದಾರೆ. ಆಪರೇಷನ್ ಆದ ಕೂಡಲೇ ಎಲ್ಲರಿಗೂ ಕಿರಣ ಕೊಡಬೇಕೇ, ಪಿಎಸ್‌ಎ ಏರಿದವರಿಗೆ ಮಾತ್ರ ಸಾಕೇ ಎಂದು ‘ರ‍್ಯಾಡಿಕಲ್ಸ್’ ಎಂಬ ಅಧ್ಯಯನ 1396 ಗಂಡಸರಲ್ಲಿ ನೋಡಿತು. 2020ರಲ್ಲಿ ಫಲಿತಾಂಶ ಬಂತು. ಐದು ವರ್ಷದ ಹೊತ್ತಿಗೆ ಪಿಎಸ್‌ಎ ಹತೋಟಿಯಲ್ಲಿದ್ದವರು ಕೂಡಲೇ ಕೊಟ್ಟ ಗುಂಪಿನಲ್ಲಿ ನೂರಕ್ಕೆ 85, ಕಾದು ನೋಡಿದ ಗುಂಪಿನಲ್ಲಿ 88. ಕಾದವರಲ್ಲಿ ಮೂತ್ರದ ತೊಂದರೆಯೂ ಕಡಿಮೆ. ನಿಮ್ಮ ವೈದ್ಯರು ಮೂರು ವರ್ಷ ಕಾದು, ಬೇಕಾದಾಗ ತಡಮಾಡದೆ ಕೊಟ್ಟಿದ್ದಾರೆ. ಆ ನಿರ್ಧಾರ ಸರಿ. ಅದರಿಂದ ಆದ ನೋವೂ ನಿಜ.

ನಿಮ್ಮ ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಎರಡು ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. “ಕರೆಂಟ್ ಕೊಟ್ಟವರ ಮೈಯಿಂದ ಕಿರಣ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಜಗಲಿಯಲ್ಲಿ ಮಲಗುತ್ತೇನೆ. ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ.” ಹಿರಿಯರೇ, ನಿಮಗೆ ಕೊಟ್ಟದ್ದು ಹೊರಗಿನ ಯಂತ್ರದಿಂದ. ಸ್ವಿಚ್ ಆರಿಸಿದರೆ ದೀಪದ ಬೆಳಕು ಕೋಣೆಯಲ್ಲಿ ಉಳಿಯುತ್ತದೆಯೇ? ಹಾಗೇ ಅದು. ಯಂತ್ರ ನಿಂತ ಕ್ಷಣ ನಿಮ್ಮ ಮೈಯಲ್ಲಿ ಏನೂ ಉಳಿಯಲಿಲ್ಲ. ಒಳಗೆ ವಿಕಿರಣದ ಕಾಳು ಕೂರಿಸುವ ಚಿಕಿತ್ಸೆಯೇ ಬೇರೆ, ಅದು ನಿಮಗೆ ಆಗಿಲ್ಲ. ಮೊದಲ ಸಿಟ್ಟಿಂಗ್ ಮುಗಿಸಿ ಬಂದ ಸಂಜೆಯೇ ನೀವು ಹಸುಗೂಸನ್ನು ಎದೆಗವಚಿಕೊಂಡು ಮಲಗಬಹುದಿತ್ತು. ಎರಡು ವರ್ಷ ಜಗಲಿಯಲ್ಲಿ ಮಲಗಿಸಿದ ಆ ಮಾತನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಮನೆಯವರು ಈ ಎರಡು ವರ್ಷ ಏನು ತಿಳಿದುಕೊಂಡಿದ್ದಾರೋ ಎಂದು ಯೋಚಿಸಿದಿರಾ? ತಮ್ಮ ಮೇಲೆ ಬೇಸರವಾಗಿ ದೂರವಾದರೆಂದೇ ತಿಳಿದಿರಬಹುದು. ಅವರಿಗೆ ಮೊದಲು ರಕ್ತದ ವಿಷಯ ಹೇಳಿ, ಜಗಲಿಯ ಕಾರಣ ಹೇಳಿ. ‘ಬೇರೆ ವಿಷಯ ಬರೆಯಲು ನಾಚಿಕೆ’ ಎಂದಿದ್ದೀರಲ್ಲ, ಅದೂ ಆಪರೇಷನ್, ಕಿರಣ, ಹಾರ್ಮೋನ್ ಮೂರೂ ಸೇರಿ ಆದದ್ದು, ನಿಮ್ಮ ಗಂಡಸುತನದ ಲೋಪವಲ್ಲ. ಅದಕ್ಕೂ ಚಿಕಿತ್ಸೆಯಿದೆ, ಯೂರಾಲಜಿಸ್ಟ್ ಹತ್ತಿರ ಕೇಳಬಹುದು. ಒಂದು ಎಚ್ಚರ ಮಾತ್ರ ಇರಲಿ. ಎದೆನೋವಿಗೆ ನಾಲಿಗೆ ಕೆಳಗಿಡಲು ಸಾರ್ಬಿಟ್ರೇಟ್ ಕೊಟ್ಟಿದ್ದಾರೆ ಎಂದಿದ್ದೀರಿ. ಅದರ ಜೊತೆ ವಯಾಗ್ರಾ ಜಾತಿಯ ಮಾತ್ರೆ ಬಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ. ಯಾರೋ ಕೊಟ್ಟರೆಂದು ಅಂಗಡಿಯಿಂದ ತಂದು ನುಂಗಬೇಡಿ.

ಮೂತ್ರದಲ್ಲಿ ರಕ್ತದ ಗರಣೆ ಬಂದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ಮೂತ್ರದ ಜೊತೆ ಗಾಳಿಯೋ ಮಲವೋ ಬಂದರೆ, ಚಳಿಜ್ವರ ಬಂದರೆ, ತಲೆ ಸುತ್ತುವಷ್ಟು ರಕ್ತ ಹೋದರೆ, ಬೆನ್ನುನೋವಿನ ಜೊತೆ ಕಾಲು ಸೋತುಬಂದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಧಾರವಾಡಕ್ಕೆ ಬಾ ಎಂದು ಮಗಳು ಕರೆಯುತ್ತಿದ್ದಾಳೆ, ಕಾಲುನೋವು ಎಂದು ಸುಳ್ಳು ಹೇಳಿದ್ದೀರಿ. ಬಸ್ಸು ಬೇಡ. ಅರಸೀಕೆರೆಯಿಂದ ಧಾರವಾಡದ ಕಡೆಗೆ ರೈಲಿದೆ, ರೈಲಿನಲ್ಲಿ ಶೌಚಾಲಯವಿದೆ, ಯಾರನ್ನೂ ನಿಲ್ಲಿಸಿ ಎಂದು ಕೇಳಬೇಕಿಲ್ಲ. ಅರವತ್ತು ದಾಟಿದವರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಬುಕ್ ಮಾಡುವಾಗ ಕೇಳಿ. ತಪಾಸಣೆಗೆಂದು ಆಸ್ಪತ್ರೆಗೆ ಹೋಗುವಾಗಲಾದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ರೈಲಿನಲ್ಲಿ ರಿಯಾಯಿತಿಯಿದೆ, ಅದರ ನಮೂನೆಗೆ ಆಸ್ಪತ್ರೆಯಲ್ಲೇ ಸಹಿ ಹಾಕಿಕೊಡುತ್ತಾರೆ. ಚೀಲದಲ್ಲಿ ಒಂದು ಪಂಚೆ, ನಾಲ್ಕು ಪ್ಯಾಡ್, ಒಂದು ನೀರಿನ ಬಾಟಲಿ ಇರಲಿ.

ಸ್ಕೋಪಿ ಆದ ಮೇಲೆ ಎರಡು ಸಾಲು ಬರೆಯಿರಿ. ಲಕೋಟೆಯ ಮೇಲೆ ನನ್ನ ಹೆಸರು ಹಾಕಿ, ಬೇರೆ ಯಾರೂ ಒಡೆಯುವುದಿಲ್ಲ.

ನಿಮ್ಮ,
ಸಂಪಾದಕ